ಇಂಗ್ಲಿಷ್ ಮೇಷ್ಟ್ರು ಹೊರದೇಶಕ್ಕೆ ಹೊರಟರು

ಎಲ್ಲ ಶುರುವಾದದ್ದು ಕಿವಿಯಿಂದ.

ಬೆಳಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಹಿಂದೆ ಮುಂದೆ ನೋಡಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಳ್ಳನ ಹಾಗೆ ಫೋಟೋ ಸ್ಟುಡಿಯೋದೊಳಗೆ ನುಗ್ಗಿದರು. ಒಂದು ಫೋಟೋ ಬೇಕು ಅಂದರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಅವರ ಪಾಡಿಗೆ ಅವರು ಇರಬಹುದಿತ್ತು. ಆದರೆ ಹಣೆಬರಹ ನೋಡಿ, "ಹಿಂದೆ ಬಿಳಿ ಪರದೆ ಇರ್ಲಿ, ಎರಡೂ ಕಿವಿ ಚೆನ್ನಾಗಿ ಕಾಣ್ಬೇಕು" ಎಂದು ಸೇರಿಸಿಬಿಟ್ಟರು.

ಸ್ಟುಡಿಯೋದವನು ಕ್ಯಾಮೆರಾ ಕೆಳಗಿಟ್ಟ. "ಕಿವಿ ಕಾಣ್ಬೇಕಾ? ಎರಡೂನೂ?"

"ಹೂಂ. ಯಾಕಪ್ಪ?"

"ಮದುವೆಗೆ ಫೋಟೋ ತೆಗೆಸೋರು ಮೂಗು ನೆಟ್ಟಗೆ ಬರ್ಲಿ ಅಂತಾರೆ. ಬ್ಯಾಂಕಿಗೆ ತೆಗೆಸೋರು ಬೇಗ ಕೊಡು ಅಂತಾರೆ. ಕಿವಿ ಕೇಳೋರು ಮಾತ್ರ ಹೊರದೇಶಕ್ಕೆ ಹೋಗೋರು ಸಾರ್. ಯಾವ ದೇಶ?"

ಮೇಷ್ಟ್ರು ಬಾಗಿಲ ಕಡೆ ನೋಡಿದರು. "ಛೆ ಛೆ, ದೇಶಾನೂ ಇಲ್ಲ ಗೀಶಾನೂ ಇಲ್ಲ. ಸುಮ್ನೆ ಮನೇಲಿ ಗೋಡೆಗೆ ಹಾಕೋಣ ಅಂತ" ಅಂದರು.

"ಗೋಡೆಗೆ ಹಾಕೋ ವಯಸ್ಸೇ ಸಾರ್ ನಿಮ್ದು? ಬಿಡ್ತು ಅನ್ನಿ!"

"ಬಿಡ್ತು" ಎಂದರು ಮೇಷ್ಟ್ರು. ಫೋಟೋದಲ್ಲಿ ಕಿವಿಯೇನೋ ಚೆನ್ನಾಗಿಯೇ ಬಂತು, ಮುಖ ಮಾತ್ರ ಪೊಲೀಸರ ಕೈಗೆ ಸಿಕ್ಕವನ ಮುಖದ ಹಾಗಿತ್ತು.

ಮೇಷ್ಟ್ರು ಸುಳ್ಳು ಹೇಳಿದ್ದೇಕೆಂದರೆ ವಿಷಯ ಇನ್ನೂ ಹೊಟ್ಟೆಯೊಳಗಿನ ಗುಟ್ಟು. ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೊರದೇಶಕ್ಕೆ ಮೇಷ್ಟ್ರುಗಳನ್ನು ಕಳಿಸುವ ಒಬ್ಬ ಏಜೆಂಟು ಅವರ ಮುಂದೆ ಎರಡು ಕೆಲಸ ಇಟ್ಟಿದ್ದ. ಒಂದು ಸಮುದ್ರದಾಚೆಯ ಚಳಿ ಊರಿನ ಸರ್ಕಾರಿ ಶಾಲೆಯಲ್ಲಿ, ಇನ್ನೊಂದು ಅದೇ ಊರಿನ ಖಾಸಗಿ ಟ್ಯೂಷನ್ ಸೆಂಟರಿನಲ್ಲಿ. ಎರಡೂ ಕಡೆ ಇಂಗ್ಲಿಷ್ ಕಲಿಸುವ ಕೆಲಸ. ಯಾವುದು ಎಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು. ಸಾಧಾರಣ ತಕ್ಕಡಿಗೆ ಎರಡು ತಟ್ಟೆ. ಮೇಷ್ಟ್ರ ಮನಸ್ಸಿನ ತಕ್ಕಡಿಗೆ ಮೂರು. ಮೂರನೆಯದು, ಎಲ್ಲೂ ಹೋಗದೆ ಇದ್ದಲ್ಲೇ ಇದ್ದುಬಿಡುವುದು. ಒಂದು ವಾರದಿಂದ ಮೂರನ್ನೂ ತೂಗಿ ತೂಗಿ ಅವರ ನಿದ್ದೆ ಹಾರಿಹೋಗಿತ್ತು.

ಹೋಗಬೇಕೆಂಬ ಆಸೆಯಾದರೂ ಯಾಕೆ ಅನ್ನುತ್ತೀರಿ? ಸಂಬಳಕ್ಕಲ್ಲ, ಫ್ಯಾಷನ್ನಿಗಂತೂ ಅಲ್ಲವೇ ಅಲ್ಲ. ಮೇಷ್ಟ್ರಿಗೆ ಪಾಠ ಮಾಡುವ ಹುಚ್ಚು. ಆದರೆ ಇಡೀ ಶಾಲೆಯಲ್ಲಿ ಇಂಗ್ಲಿಷ್ ಬರುವವರು ಅವರೊಬ್ಬರೇ ಎಂಬ ಮಾತು ಹೇಗೋ ಹಬ್ಬಿಬಿಟ್ಟಿತ್ತು. ಹಾಗಾಗಿ ಇಂಗ್ಲಿಷಿನಲ್ಲಿ ಬಂದದ್ದೆಲ್ಲ ಅವರ ತಲೆಗೇ ಸುತ್ತಿಕೊಳ್ಳುತ್ತಿತ್ತು. ನೀರಿನ ಪಂಪಿನ ಜೊತೆ ಬಂದ ಪುಸ್ತಕ ಓದಿ ಪಂಪ್ ಚಾಲೂ ಮಾಡುವುದು ಇಂಗ್ಲಿಷ್ ಮೇಷ್ಟ್ರು. ಆಫೀಸಿನ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಏನೋ ಬೈದರೆ ಬಿಡಿಸುವುದು ಇಂಗ್ಲಿಷ್ ಮೇಷ್ಟ್ರು. ಮೇಲಿನವರ ಸುತ್ತೋಲೆ ಓದಿ ಹೇಳುವುದು, ಜವಾನನ ಅತ್ತೆಯ ಮಾತ್ರೆಯನ್ನು ಊಟಕ್ಕೆ ಮುಂಚೆಯೋ ಆಮೇಲೋ ಎಂದು ನೋಡುವುದು, ಎಲ್ಲ ಅವರೇ. ಇಷ್ಟೆಲ್ಲ ಮುಗಿಸಿ ಕ್ಲಾಸಿಗೆ ಹೋದರೆ ಗಂಟೆ ಹೊಡೆಯುತ್ತಿತ್ತು. ಆ ವರ್ಷದ ಮೊದಲ ಪಾಠದಲ್ಲಿ ಒಬ್ಬ ಮೀನುಗಾರ ದೋಣಿ ತೆಗೆದುಕೊಂಡು ಸಮುದ್ರಕ್ಕೆ ಹೊರಡುತ್ತಾನೆ. ಶಾಲೆ ತೆರೆದ ದಿನ ಹೊರಟವನು, ಪರೀಕ್ಷೆ ಹತ್ತಿರ ಬಂದರೂ ಇನ್ನೂ ದಡದಲ್ಲೇ ನಿಂತಿದ್ದ.

"ಅಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಇಂಗ್ಲಿಷ್ ಕಲಿಸೋದು ಬಿಟ್ಟು ಬೇರೆ ಕೆಲ್ಸಾನೇ ಇರಲ್ಲ ಸಾರ್" ಎಂದಿದ್ದ ಏಜೆಂಟು. ಮೇಷ್ಟ್ರು ಆ ಮಾತನ್ನು ಅವನ ಬಾಯಲ್ಲಿ ಮತ್ತೊಮ್ಮೆ ಹೇಳಿಸಿ ಕೇಳಿದ್ದರು.

ಸರಿ, ಸ್ಟುಡಿಯೋದಿಂದ ಹೊರಟು ಶಾಲೆಯ ಗೇಟಿಗೆ ಬಂದರೆ, ಜವಾನ ಹಲ್ಲು ಕಿರಿದು ನಿಂತಿದ್ದ. ಅವನಿಗೆ ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಯಾಕೆಂದು ಬೇರೆ ಹೇಳಬೇಕಿಲ್ಲ.

"ಕಂಗ್ರಾಟ್ಸ್ ಸಾರ್! ಯಾವ ದೇಶ ಅನ್ನೋದು ಮಾತ್ರ ಸ್ಟುಡಿಯೋದವ್ನಿಗೆ ಗೊತ್ತಾಗ್ಲಿಲ್ವಂತೆ."

ಮೇಷ್ಟ್ರು ಗರ ಬಡಿದವರಂತೆ ನಿಂತರು. "ಅಲ್ಲಯ್ಯಾ, ನಾನು ಅಲ್ಲಿಂದ ನೇರ ಇಲ್ಲಿಗೇ ಬರ್ತಾ ಇದೀನಿ!"

"ನೀವು ನಡ್ಕೊಂಡು ಬಂದ್ರಿ ಸಾರ್. ಸುದ್ದಿ ಫೋನಲ್ಲಿ ಬಂತು."

ಸ್ಟಾಫ್ ರೂಮಿನ ಬಾಗಿಲಲ್ಲಿ ಇನ್ನೊಂದು ಆಘಾತ ಕಾದಿತ್ತು. ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ ಇರುವುದು ಇಂಗ್ಲಿಷ್ ಮೇಷ್ಟ್ರ ಕುರ್ಚಿ. ಅದರಲ್ಲಿ ಲೆಕ್ಕದ ಮೇಷ್ಟ್ರು ಕಾಲು ಚಾಚಿ ಕೂತಿದ್ದರು. ಆ ಸ್ಟಾಫ್ ರೂಮಿನಲ್ಲಿ ಕುರ್ಚಿಗಳಿಗೆ ಒಂದು ಕ್ರಮವಿತ್ತು. ಹಿರಿಯರೊಬ್ಬರು ಹೋದರೆ ಉಳಿದವರೆಲ್ಲ ಒಂದೊಂದು ಕುರ್ಚಿ ಮುಂದಕ್ಕೆ ಸರಿಯುವುದು. ಎಲ್ಲರೂ ಆಗಲೇ ಸರಿದಾಗಿತ್ತು. ಬಾಗಿಲ ಬಳಿ, ಒಂದು ಕಾಲು ಕುಂಟುವ ಸ್ಟೂಲ್ ಮಾತ್ರ ಉಳಿದಿತ್ತು.

"ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಲೆಕ್ಕದ ಮೇಷ್ಟ್ರು ಸ್ಟೂಲ್ ತೋರಿಸಿದರು. "ಹೋಗೋರಿಗೆ ಕುರ್ಚಿ ಮೇಲೆ ಮೋಹ ಇರ್ಬಾರ್ದು."

"ಯಾರು ಹೋಗೋರು? ನಾನಿನ್ನೂ ತೀರ್ಮಾನಾನೇ ಮಾಡಿಲ್ಲ!"

"ಯಾವ ಕೆಲ್ಸ ಅಂತ ತೀರ್ಮಾನ ಮಾಡಿಲ್ಲ. ಅಂದ್ರೆ ಎರಡು ಕೆಲ್ಸ ಇದೆ. ಸರೀನಾ?"

ಇಂಗ್ಲಿಷ್ ಮೇಷ್ಟ್ರು ಬೆಪ್ಪಾಗಿ ಹೌದೆಂದು ತಲೆಯಾಡಿಸಿದರು. ಲೆಕ್ಕ ಗೊತ್ತಿರುವವರ ಮುಂದೆ ಗುಟ್ಟು ನಿಲ್ಲುವುದಿಲ್ಲ ನೋಡಿ. ತೆಪ್ಪಗೆ ಎರಡೂ ಕೆಲಸದ ವಿಷಯ ಬಾಯಿಬಿಟ್ಟರು. ಅಲ್ಲಿಗೆ ಮೇಷ್ಟ್ರ ಭವಿಷ್ಯ ಎಲ್ಲರ ಸೊತ್ತಾಯಿತು.

"ಕಣ್ಮುಚ್ಕೊಂಡು ಖಾಸಗಿ ಹಿಡೀರಿ" ಎಂದರು ಲೆಕ್ಕದ ಮೇಷ್ಟ್ರು. "ಕೈ ತುಂಬ ಕೊಡ್ತಾರೆ."

"ಕೈ ತುಂಬ ಕೊಟ್ಟು ಮೈ ಮುರಿಯೋ ಹಾಗೆ ದುಡಿಸ್ಕೋತಾರೆ" ಎಂದರು ಹೊಲಿಗೆ ಟೀಚರ್. "ನನ್ನ ತಂಗಿ ಮೈದುನ ಹೋಗಿದ್ನಲ್ಲ. ಅಲ್ಲಿ ಪಾಠ ಮಾಡೋದಷ್ಟೇ ಅಲ್ವಂತೆ, ಮಕ್ಕಳನ್ನ ಸೇರಿಸ್ಕೊಂಡು ಬರೋದೂ ಮೇಷ್ಟ್ರೇ ಅಂತೆ. ಬೀದಿ ಬೀದಿಲಿ ನಿಂತು ಕಾಗದ ಹಂಚ್ತಿದ್ದ, ಪಾಪ. ಸರ್ಕಾರಿದೇ ವಾಸಿ ಸಾರ್. ಮನೆ ಕೊಡ್ತಾರೆ, ರಜೆ ಕೊಡ್ತಾರೆ, ಗಂಟೆ ಹೊಡೆದ್ರೆ ಮನೆಗೆ ಹೊರಡಬಹುದು."

"ಸರ್ಕಾರಿಯವ್ರು ಎಲ್ಲಿಗೆ ಹಾಕ್ತಾರೋ ಅಲ್ಲಿಗೆ ಹೋಗ್ಬೇಕು. ಗುಡ್ಡದ ತುದೀಲಿ ಒಂದು ಶಾಲೆಗೆ ಹಾಕಿದ್ರೆ?"

"ಹಾಕ್ಲಿ ಬಿಡಿ, ಗಾಳಿ ಚೆನ್ನಾಗಿರತ್ತೆ."

ಮಾತು ಮಾತಿಗೆ ಹತ್ತಿಕೊಂಡಿತು. ಒಬ್ಬರು ಖಾಸಗಿ ಅಂದರೆ ಇನ್ನೊಬ್ಬರು ಸರ್ಕಾರಿ. ಕೊನೆಗೆ ಯಾರು ಹೋಗುವುದೆಂಬುದೇ ಮರೆತು, ತಾವೇ ಹೊರಟವರಂತೆ ಜಗಳಕ್ಕೆ ನಿಂತರು. ಇಂಗ್ಲಿಷ್ ಮೇಷ್ಟ್ರು ಕುಂಟು ಸ್ಟೂಲಿನ ಮೇಲೆ ಸಮತೋಲನ ಕಾಪಾಡಿಕೊಳ್ಳುತ್ತ ಒಂದೇ ಒಂದು ಮಾತಿಗೆ ಕಾದರು. ಇಷ್ಟು ವರ್ಷ ಜೊತೆಯಲ್ಲಿದ್ದವರಲ್ಲಿ ಯಾರಾದರೊಬ್ಬರು "ಹೋಗಬೇಡಿ ಮೇಷ್ಟ್ರೆ" ಅನ್ನುತ್ತಾರೇನೋ ಎಂದು. ಯಾರೂ ಅನ್ನಲಿಲ್ಲ. ಲೆಕ್ಕದ ಮೇಷ್ಟ್ರಂತೂ ಫ್ಯಾನಿನ ವೇಗ ಸ್ವಲ್ಪ ಹೆಚ್ಚು ಮಾಡಿಕೊಂಡರು. ಇಂಗ್ಲಿಷ್ ಮೇಷ್ಟ್ರಿಗೆ ಅಳುವೇ ಬಂತು.

ಕ್ಲಾಸಿಗೆ ಹೋದರು. ಪುಸ್ತಕ ತೆರೆದರು. "ಒಬ್ಬ ಮೀನುಗಾರ..." ಎಂದು ಶುರು ಮಾಡಿದರು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ನೀವು ಹೋಗೋದ್ರೊಳಗೆ ಅವ್ನು ನೀರಿಗಾದ್ರೂ ಇಳೀತಾನಾ ಸಾರ್?"

ಮೇಷ್ಟ್ರು ಪುಸ್ತಕ ಕೆಳಗಿಟ್ಟರು. ಇವತ್ತು ಏನೇ ಆಗಲಿ ಇಳಿಸಿಯೇ ಬಿಡುತ್ತೇನೆ ಎಂದು ಸೀಮೆಸುಣ್ಣ ಎತ್ತಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ರೇಡಿಯೋ. "ಸಾರ್, ದೊಡ್ಡ ಮೇಡಂ ಕರೀತಾರೆ. ಈಗ್ಲೇ ಬರ್ಬೇಕಂತೆ."

ದೊಡ್ಡ ಮೇಡಂ ಎಂದರೆ ಹೆಡ್‌ಮಿಸ್ಟ್ರೆಸ್. ಅವರು ಬರುತ್ತಿದ್ದಾರೆಂದರೆ ವರಾಂಡದ ಹೂಕುಂಡಗಳೂ ನೆಟ್ಟಗೆ ನಿಲ್ಲುತ್ತವೆ ಎಂದು ರೇಡಿಯೋ ಹೇಳುತ್ತಿದ್ದ. ಮೇಷ್ಟ್ರು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡೇ ಹೋದರು. ಮೇಡಂ ಬೈಯುತ್ತಾರೆ, ನಿಮ್ಮನ್ನು ಬಿಟ್ಟರೆ ಶಾಲೆಗೆ ಗತಿ ಯಾರು ಅನ್ನುತ್ತಾರೆ, ಆಗ ತಾವು ಕರಗಿ, ಸರಿ ಮೇಡಂ, ಇಲ್ಲೇ ಇರುತ್ತೇನೆ, ಆದರೆ ಪಾಠ ಮಾಡೋಕೆ ಬಿಡಿ ಅಂತ ಒಂದು ಮಾತು ಹೇಳುವುದು. ಹೀಗೆ ಮೂರನೆಯ ತಟ್ಟೆ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು.

ದೊಡ್ಡ ಮೇಡಂ ನಗುತ್ತಿದ್ದರು. ಮೇಷ್ಟ್ರಿಗೆ ಅದನ್ನು ನೋಡಿಯೇ ಭಯವಾಯಿತು.

"ಬಹಳ ಸಂತೋಷ ಮೇಷ್ಟ್ರೆ. ಹೋಗ್ಬನ್ನಿ. ನಮ್ಮ ಯೋಚ್ನೆ ಬಿಟ್ಬಿಡಿ. ನಿಮ್ಮ ಜಾಗಕ್ಕೆ ವ್ಯವಸ್ಥೆ ಆಗೋಯ್ತು."

"ಯಾ... ಯಾವಾಗ ಮೇಡಂ?"

"ಈಗ ತಾನೆ. ಫೋನಲ್ಲೇ ಮುಗಿಸ್ದೆ. ಮೇಲಿನ ಆಫೀಸಿಗೂ ಹೇಳಿದೀನಿ, ಇಂಗ್ಲಿಷ್ ಮೇಷ್ಟ್ರ ಜಾಗ ಖಾಲಿ ಅಂತ."

"ಖಾಲೀನಾ? ನಾನಿಲ್ಲೇ ನಿಂತಿದೀನಲ್ಲ ಮೇಡಂ!"

"ಅಯ್ಯೋ, ನಿಂತೇ ಇದೀರಲ್ಲ, ಕೂತ್ಕೊಳ್ಳಿ" ಎಂದು ಮೇಡಂ ಕುರ್ಚಿ ತೋರಿಸಿದರು.

ಮೇಷ್ಟ್ರು ಕೂತದ್ದಲ್ಲ, ಕುಸಿದದ್ದು. ಬದುಕಿರುವಾಗಲೇ ತಿಥಿ ಮಾಡಿ ಮುಗಿಸಿದ ಹಾಗಾಯಿತು. "ಯಾರು ಬರ್ತಾರೆ ಮೇಡಂ ನನ್ನ ಜಾಗಕ್ಕೆ?" ಎಂದರು, ಸತ್ತ ದನಿಯಲ್ಲಿ.

"ಅದನ್ನ ಈಗ್ಲೇ ಹೇಳಲ್ಲ. ಬಂದಾಗ ಇಡೀ ಊರು ಬಾಯಿ ಬಿಟ್ಕೊಂಡು ನೋಡ್ಬೇಕು, ಹಾಗಿದಾರೆ. ಅದಿರ್ಲಿ, ಹೊಸ ವಾಟರ್ ಫಿಲ್ಟರ್ ಬಂದಿದೆ. ಪುಸ್ತಕ ಎಲ್ಲ ಇಂಗ್ಲಿಷಲ್ಲಿದೆ. ಹೋಗೋ ಮುಂಚೆ ಸ್ವಲ್ಪ ನೋಡ್ಬಿಡಿ. ನಿಮಗೆ ಇಂಗ್ಲಿಷ್ ಬರತ್ತಲ್ಲ."

ಮೇಷ್ಟ್ರು ಫಿಲ್ಟರ್ ಜೋಡಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನದ ಗಂಟೆ ಹೊಡೆಯಿತು. ಮೀನುಗಾರ ದಡದಲ್ಲೇ ಉಳಿದ.

ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಊಟಕ್ಕೆ ಹೋದರೆ ಹೊಸ್ತಿಲಲ್ಲಿ ಗುರುತಿಲ್ಲದ ಚಪ್ಪಲಿಗಳ ರಾಶಿ. ಒಳಗೆ ನುಗ್ಗಿದರೆ, ಹಜಾರದಲ್ಲಿ ಯಾರೋ ಒಬ್ಬ ಹೆಂಗಸು ಕಿಟಕಿಗೆ ಗೇಣು ಹಾಕಿ ಅಳೆಯುತ್ತಿದ್ದಾಳೆ. ಮಲಗುವ ಕೋಣೆಯಲ್ಲಿ, ಮೇಷ್ಟ್ರ ಮಂಚದ ಮೇಲೆ, ಮೇಷ್ಟ್ರ ದಿಂಬಿಗೇ ತಲೆಕೊಟ್ಟು, ದಪ್ಪ ಮೀಸೆಯವನೊಬ್ಬ ಕಣ್ಣು ಮುಚ್ಚಿ ಮಲಗಿದ್ದಾನೆ.

"ಯಾರ್ರೀ ನೀವು?" ಎಂದು ಕಿರುಚಿದರು ಮೇಷ್ಟ್ರು.

ಮೀಸೆ ಕಣ್ಣು ಬಿಡಲಿಲ್ಲ. "ಗಾಳಿ ಪರವಾಗಿಲ್ಲ" ಎಂದಿತು.

ಪಕ್ಕದಲ್ಲಿ ಬಾಡಿಗೆ ಮನೆಯ ಓನರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಗಾಬರಿ ಆಗ್ಬೇಡಿ ಮೇಷ್ಟ್ರೆ, ನಿಮ್ಮ ಮನೆಗೆ ಬರೋರು ಇವ್ರು. ಬಹಳ ಒಳ್ಳೇ ಜನ. ತಿಂಗಳ ಕೊನೆಗೆ ಬಂದ್ಬಿಡ್ತಾರೆ. ನೀವು ಹೋದ್ಮೇಲೆ ಮನೆ ಖಾಲಿ ಬಿಡೋಕಾಗತ್ತಾ?"

"ನಾನು ಹೋಗ್ತೀನಿ ಅಂತ ಯಾರು ಹೇಳಿದ್ರು ನಿಮಗೆ?"

"ನೀವು ಹೇಳ್ಲಿಲ್ಲವಲ್ಲ, ಅದೇ ನನಗೆ ಬೇಜಾರು" ಎಂದರು ಓನರಮ್ಮ. "ಮಗನ ಹಾಗೆ ನೋಡ್ಕೊಂಡಿದ್ದೆ. ಮೂರನೇ ಮನೆಯವ್ರಿಂದ ತಿಳ್ಕೋಬೇಕಾಯ್ತು. ಮುಂದಿನ ತಿಂಗಳಿಂದ ಇವ್ರಿಗೆ ಅಂತ ಮಾತು ಕೊಟ್ಟಾಯ್ತು. ಕೊಟ್ಟ ಮಾತು ತಪ್ಪೋಳಲ್ಲ ನಾನು."

ಅಡುಗೆಮನೆಯಿಂದ ಹೆಂಡತಿ ಬಂದು ಮೇಷ್ಟ್ರ ತೋಳು ಹಿಡಿದು ಒಳಗೆಳೆದಳು. ಅವಳ ಮುಖ ಕೆಂಪಗಾಗಿತ್ತು. "ರೀ, ಬಟ್ಟೆ ಮಡಚ್ತಾ ಕೂತಿದ್ದೆ, ನಾಲ್ಕು ಜನ ಒಳಗೆ ಬಂದು ನನ್ನ ಬೀರು ತೆಗೆದು ನೋಡಿದ್ರು ಕಣ್ರೀ! ಗುಟ್ಟು ಗುಟ್ಟು ಅಂದ್ರಿ. ಇದೇನಾ ನಿಮ್ಮ ಗುಟ್ಟು?"

"ಫೋಟೋದವ್ನಿಗೆ ಕಿವಿ ಅಂದೆ, ಅಷ್ಟೇ ಕಣೆ."

"ಕಿವಿ ಅಂದ್ರೆ?"

ಬಿಡಿಸಿ ಹೇಳಲು ಮೇಷ್ಟ್ರಿಗೆ ಶಕ್ತಿಯಿರಲಿಲ್ಲ. ಕೆಲಸ ಹೋಯಿತು, ಮನೆ ಹೋಯಿತು. ಇನ್ನು ಸರ್ಕಾರಿಯೋ ಖಾಸಗಿಯೋ, ಒಂದನ್ನು ಹಿಡಿಯಲೇಬೇಕು. ಏಜೆಂಟಿಗೆ ಫೋನು ಮಾಡೋಣವೆಂದರೆ ಮನೆಯಲ್ಲಿ ಜನವಿಲ್ಲದ ಜಾಗವೇ ಇಲ್ಲ. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಹೆಂಡತಿಯೂ ಹಿಂದೆಯೇ ನುಸುಳಿದಳು.

"ಸಾರ್, ನಾನೇ ಮಾಡ್ಬೇಕು ಅಂತಿದ್ದೆ" ಎಂದ ಏಜೆಂಟು, ಕಲ್ಲುಸಕ್ಕರೆಯಂಥ ದನಿಯಲ್ಲಿ. "ಆ ಖಾಸಗಿ ಸೆಂಟರ್ ಇತ್ತಲ್ಲ, ಅದು ನಿನ್ನೆ ಬಾಗ್ಲು ಹಾಕ್ತು ಸಾರ್. ಓನರ್ ನಾಪತ್ತೆ. ಮೇಷ್ಟ್ರುಗಳೆಲ್ಲ ಬೀದೀಲಿ ನಿಂತಿದಾರಂತೆ. ನಿಮ್ಮ ಅದೃಷ್ಟ ನೋಡಿ, ಇನ್ನೂ ಹೋಗಿರ್ಲಿಲ್ಲ."

ಮೇಷ್ಟ್ರು ಬಕೆಟ್ಟಿನ ಮೇಲೆ ಕೂತುಬಿಟ್ಟರು. ವಾರವೆಲ್ಲ ನಿದ್ದೆಗೆಟ್ಟು ತೂಗಿದ್ದೇ ತೂಗಿದ್ದು. ಈಗ ನೋಡಿದರೆ ತಕ್ಕಡಿಯಲ್ಲಿ ಉಳಿದದ್ದು ಒಂದೇ ತಟ್ಟೆ.

"ಸರ್ಕಾರಿದು ಇದೆ ತಾನೇ?" ಎಂದು ಕೇಳಿದರು.

"ಬಂಡೆ ಹಾಗಿದೆ ಸಾರ್. ಈಗ ಅಲ್ಲಿರೋ ಇಂಗ್ಲಿಷ್ ಮೇಷ್ಟ್ರು ಬಿಟ್ಟು ಹೋಗ್ತಿದಾರೆ, ಆ ಜಾಗಕ್ಕೇ ನೀವು. ಸಂಜೆ ಅವರನ್ನೇ ವಿಡಿಯೋಲಿ ಮಾತಾಡಿಸ್ತೀನಿ. ಅವ್ರಿಗೆ ಆಗ ಬೆಳಗ್ಗೆ. ಏನು ಬೇಕಾದ್ರೂ ಕೇಳಿ, ಒಪ್ಪಿಗೆ ಆದ್ರೆ ಅಲ್ಲೇ ಹೂಂ ಅಂದ್ಬಿಡಿ."

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. "ಅಲ್ರೀ, ಅಷ್ಟು ಒಳ್ಳೇ ಕೆಲ್ಸ ಆಗಿದ್ರೆ ಆ ಮನುಷ್ಯ ಯಾಕೆ ಬಿಟ್ಟು ಹೋಗ್ತಿದಾನೆ? ಅದೊಂದು ಕೇಳಿ. ನೀವು ಪಾಠ ಮಾಡಿ ಬಂದ ದಿನ ಬಾಗಿಲಿಂದ್ಲೇ ಹಾಡ್ಕೊಂಡು ಬರ್ತಿದ್ರಿ. ನಿಮ್ಮ ಹಾಡು ಕೇಳಿ ಎಷ್ಟು ಕಾಲ ಆಯ್ತು ಹೇಳಿ. ಅಲ್ಲಿ ಪಾಠ ಮಾಡೋಕೆ ಬಿಡ್ತಾರೆ ಅಂದ್ರೆ ನಡೀರಿ, ಹಿಮದಲ್ಲಾದ್ರೂ ಬರ್ತೀನಿ. ಬಿಡಲ್ಲ ಅಂದ್ರೆ ದೊಡ್ಡ ಮೇಡಂ ಕಾಲು ನಾನು ಹಿಡೀತೀನಿ. ಓನರಮ್ಮನ ಕಾಲೂ ಹಿಡೀತೀನಿ. ಇಲ್ಲೇ ಇರೋಣ."

ಮೇಷ್ಟ್ರಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಹೊರಗಿನಿಂದ ಮೀಸೆಯವನು ಬಾಗಿಲು ಬಡಿದು, "ಸ್ವಲ್ಪ ನಲ್ಲಿ ನೋಡ್ಬೇಕಿತ್ತು" ಎಂದ.

ಸಂಜೆಯ ಮಾತುಕತೆಗೆ ಮನೆ ಆಗದ ಮಾತು. ಅಲ್ಲಿ ಇಂಟರ್‌ನೆಟ್ಟೂ ಇಲ್ಲ, ನೆಮ್ಮದಿಯೂ ಇಲ್ಲ. ಶಾಲೆಯಲ್ಲಿ ಸರಿಯಾದ ಇಂಟರ್‌ನೆಟ್ ಬರುವುದು ದೊಡ್ಡ ಮೇಡಂ ರೂಮಿನಲ್ಲಿ ಮಾತ್ರ. ಅಂಜುತ್ತ ಕೇಳಿದರೆ, "ಧಾರಾಳವಾಗಿ ಬನ್ನಿ! ನನ್ನ ಕುರ್ಚಿಲೇ ಕೂತು ಮಾತಾಡಿ" ಎಂದರು ಮೇಡಂ. ಬೆಳಗ್ಗೆಯಿಂದ ಆ ಹೆಂಗಸಿನ ಸಕ್ಕರೆ ಮಾತು ಕೇಳಿ ಕೇಳಿ ಮೇಷ್ಟ್ರಿಗೆ ಹಲ್ಲು ಜುಮ್ಮೆನ್ನುತ್ತಿತ್ತು.

ಸಂಜೆ ಹೋಗಿ ನೋಡಿದರೆ ರೂಮು ತುಂಬಿತ್ತು. ಲೆಕ್ಕದ ಮೇಷ್ಟ್ರು, ಹೊಲಿಗೆ ಟೀಚರ್, ರೇಡಿಯೋ, ಎಲ್ಲರೂ ಗೋಡೆಗೆ ಸಾಲಾಗಿ ಆತುಕೊಂಡು, ಸಿನಿಮಾಕ್ಕೆ ಬಂದವರಂತೆ ನಿಂತಿದ್ದರು. ಮೇಷ್ಟ್ರ ಹೆಂಡತಿಯೂ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂತಳು. ದೊಡ್ಡ ಮೇಡಂ ಮಾತ್ರ ಮೇಷ್ಟ್ರ ಕುರ್ಚಿಯ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕಕ್ಕೆ ನಿಂತು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. ಮೇಡಂಗೆ ಇಂಗ್ಲಿಷ್ ಓದಲು ಸೋಮಾರಿತನ. ಕೇಳಿಸಿಕೊಂಡರೆ ಅಕ್ಷರ ಅಕ್ಷರವೂ ಅರ್ಥವಾಗುತ್ತಿತ್ತು.

ಪರದೆಯ ಮೇಲೆ ಮೊದಲು ಏಜೆಂಟಿನ ಮುಖ ಮೂಡಿತು. ಆಮೇಲೆ ಆ ದೇಶದ ಮೇಷ್ಟ್ರು ಬಂದರು. ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ದಪ್ಪ ಮಫ್ಲರು, ಕಣ್ಣ ಕೆಳಗೆ ಕಪ್ಪು. ಅಷ್ಟು ಚಳಿಯ ಊರಿನಲ್ಲೂ ಅವರ ಹಣೆಯ ಮೇಲೆ ಬೆವರು. ಮೇಷ್ಟ್ರುಗಳಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಇಲ್ಲಿ ಕನ್ನಡ ಸಾಕು.

ನಮಸ್ಕಾರ, ಕುಶಲ ಮುಗಿಯಿತು. ಮೇಷ್ಟ್ರು ಕೈಮುಗಿದ ಹಾಗೆ ಕೇಳಿದರು. "ಸಾರ್, ಒಂದೇ ಒಂದು ಪ್ರಶ್ನೆ. ಅಲ್ಲಿ ಪಾಠ ಮಾಡೋಕೆ ಬಿಡ್ತಾರಾ?"

ತೆಳ್ಳಗಿನವರು ಉಗುಳು ನುಂಗಿದರು. ಒಂದು ಕ್ಷಣ ಕಣ್ಣು ಪಕ್ಕಕ್ಕೆ ಹೋಗಿ ಬಂತು. "ಸ್ವರ್ಗ ಸಾರ್. ಪಾಠ ಬಿಟ್ರೆ ಬೇರೆ ಕೆಲ್ಸಾನೇ ಇಲ್ಲ."

"ಮತ್ತೆ ನೀವು ಯಾಕೆ ಬಿಟ್ಟು ಹೋಗ್ತಿದೀರಿ?"

"ಅದು... ನನ್ನ ಹೆಂಡತಿಗೆ ಇಲ್ಲಿನ ಚಳಿ ಆಗಲ್ಲ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿ ನೋಡಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಬೆಳಗ್ಗೆಯಿಂದ ತಿಂದ ಪೆಟ್ಟೆಲ್ಲ ಮರೆತುಹೋಯಿತು. ಕುರ್ಚಿ ಹೋದರೆ ಹೋಗಲಿ, ಮನೆ ಹೋದರೆ ಹಾಳಾಗಲಿ. ಪಾಠ ಬಿಟ್ಟರೆ ಬೇರೆ ಕೆಲಸವೇ ಇಲ್ಲವಂತೆ! "ಒಪ್ಪಿಗೆ" ಎನ್ನಲು ಬಾಯಿ ತೆರೆದರು.

"ಒಂದ್ನಿಮಿಷ ಸಾರ್" ಎಂದ ಏಜೆಂಟು. "ಅವ್ರೂ ನಿಮ್ಮನ್ನ ಒಂದು ಮಾತು ಕೇಳ್ಬೇಕಂತೆ. ಅವರ ಒಪ್ಪಿಗೆ ಇನ್ನೂ ಆಗಿಲ್ಲ."

"ನನ್ನನ್ನಾ? ನನ್ನನ್ನೇನು ಕೇಳೋದು?"

"ಅವ್ರೂ ಸರ್ಕಾರಿ ಶಾಲೆಗೇ ಹೋಗ್ತಿರೋದು ಸಾರ್. ನಿಮ್ಮ ಶಾಲೆಗೆ. ನಿಮ್ಮ ಜಾಗಕ್ಕೇ. ಬೆಳಗ್ಗೆ ನಿಮ್ಮ ಮೇಡಂ ನನಗೇ ಫೋನ್ ಮಾಡಿದ್ರಲ್ಲ."

ಮೇಷ್ಟ್ರಿಗೆ ಸಿಡಿಲು ಬಡಿದಂತಾಯಿತು. ಹಿಂದೆ ನಿಂತಿದ್ದ ದೊಡ್ಡ ಮೇಡಂ ಬಗ್ಗಿ ಅವರ ಕಿವಿಯಲ್ಲಿ, "ಪಕ್ಕದ ಶಾಲೆಯವ್ರು ಹೊರದೇಶದ ಮೇಷ್ಟ್ರನ್ನ ತಂದು ಮೆರೀತಿದ್ರಲ್ಲ, ಈಗ ನೋಡ್ಲಿ" ಎಂದು ಪಿಸುಗುಟ್ಟಿದರು. ಗೋಡೆಯ ಸಾಲಿನಿಂದ "ಅಬ್ಬಾ!" ಎಂಬ ಉದ್ಗಾರ ಬಂತು.

ತೆಳ್ಳಗಿನವರು ಪರದೆಗೆ ಮುಖ ಹತ್ತಿರ ತಂದರು. ದನಿ ತಗ್ಗಿತು. "ಸಾರ್, ನಿಜ ಹೇಳಿ. ಅಲ್ಲಿ ನನಗೆ ಪಾಠ ಮಾಡೋಕೆ ಬಿಡ್ತಾರಾ?"

ಮೇಷ್ಟ್ರ ತಲೆ ಗಿರ್ರೆಂದು ತಿರುಗಿತು. ನಿಜ ಹೇಳಿದರೆ? ಈ ಪುಣ್ಯಾತ್ಮ ಅಲ್ಲಿಂದ ಅಲುಗುವುದಿಲ್ಲ. ಅವನು ಅಲುಗದಿದ್ದರೆ ಆ ಜಾಗ ಖಾಲಿಯಾಗುವುದಿಲ್ಲ. ಸ್ವರ್ಗದ ಬಾಗಿಲು ತನ್ನ ಮೂಗಿನ ಮುಂದೆಯೇ ಮುಚ್ಚುತ್ತದೆ. ಸುಳ್ಳು ಹೇಳಿದರೆ? ಅಯ್ಯೋ, ಸ್ವರ್ಗದಲ್ಲಿರುವ ಬಡಪಾಯಿಯನ್ನು ಕೈಯಾರೆ ಈ ನರಕಕ್ಕೆ ಎಳೆದು ಹಾಕಿದ ಹಾಗೆ. ಈ ಪಾಪ ಎಲ್ಲಿ ತೊಳೆಯುವುದು? ಅಷ್ಟರಲ್ಲಿ ದೊಡ್ಡ ಮೇಡಂ ಬೆರಳುಗಳು ಕುರ್ಚಿಯ ಬೆನ್ನಿನ ಮೇಲೆ ಟಕಟಕ ಎಂದವು.

ಮೇಷ್ಟ್ರು ಉಗುಳು ನುಂಗಿದರು. ಕಣ್ಣು ಪಕ್ಕಕ್ಕೆ ಹೋಗಿ ಬಂತು.

"ಸ್ವರ್ಗ ಸಾರ್" ಎಂದರು. "ಪಾಠ ಬಿಟ್ರೆ ಬೇರೆ ಕೆಲ್ಸಾನೇ ಇಲ್ಲ."

"ಮತ್ತೆ ನೀವು ಯಾಕೆ..."

"ನನ್ನ ಹೆಂಡತಿಗೆ ಇಲ್ಲಿನ ಸೆಕೆ ಆಗಲ್ಲ."

ಬಾಗಿಲ ಬಳಿ ಕೂತಿದ್ದ ಹೆಂಡತಿಯ ಬಾಯಿ ಬಿಟ್ಟದ್ದು ಬಿಟ್ಟ ಹಾಗೇ ಇತ್ತು.

ಆ ದೇಶದ ಮೇಷ್ಟ್ರ ಮುಖ ಅರಳಿತು. ಸಂತೋಷ ತಡೆಯಲಾರದೆ ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಳ್ಳಲು ಹೋದರು. ಮೊಣಕೈ ತಗುಲಿ ಅವರ ಲ್ಯಾಪ್‌ಟಾಪು ವಾಲಿತು. ಪರದೆಯಲ್ಲಿ ಮುಖ ಸರಿದು, ಅವರ ಕುರ್ಚಿಯ ಬೆನ್ನು ಕಂಡಿತು. ಆ ಬೆನ್ನಿನ ಮೇಲೆ ದಪ್ಪ ಉಂಗುರದ ಒಂದು ಕೈ ಇತ್ತು. ಕೈಯ ಹಿಂದೆ ಕೋಟು ತೊಟ್ಟ ಭಾರಿ ಗಾತ್ರದ ಹೆಡ್‌ಮಾಸ್ಟರೊಬ್ಬರು ಮೈಯೆಲ್ಲ ಸಕ್ಕರೆಯಾಗಿ ನಗುತ್ತಿದ್ದರು. ಅವರ ಹಿಂದೆ, ಗೋಡೆಗೆ ಸಾಲಾಗಿ ಆತುಕೊಂಡು, ಇಡೀ ಸ್ಟಾಫು ನಿಂತಿತ್ತು.

ಮೇಷ್ಟ್ರು ಪರದೆಗೆ ಮೂಗು ತಗುಲುವ ಹಾಗೆ ಬಗ್ಗಿದರು. "ಎಲ್ಲಿ ಎಲ್ಲಿ, ನಾನೂ ನೋಡ್ತೀನಿ" ಎಂದು ರೇಡಿಯೋ ನುಗ್ಗಿದ ರಭಸಕ್ಕೆ ಇಲ್ಲಿನ ಕಂಪ್ಯೂಟರೂ ಪಕ್ಕಕ್ಕೆ ತಿರುಗಿತು. ದೊಡ್ಡ ಮೇಡಂ, ಅವರ ಕೈ, ಗೋಡೆಯ ಸಾಲು ಎಲ್ಲವೂ ಕ್ಯಾಮೆರಾಕ್ಕೆ ಬಿದ್ದವು. ಅಲ್ಲಿನ ಮೇಷ್ಟ್ರ ಕೈಯಲ್ಲಿದ್ದ ಮಫ್ಲರಿನ ತುದಿ ಹಾಗೇ ಜಾರಿತು.

ಇಬ್ಬರು ಇಂಗ್ಲಿಷ್ ಮೇಷ್ಟ್ರೂ ಕಣ್ಣು ಪಿಳಿಪಿಳಿ ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು. ಇಷ್ಟು ಹೊತ್ತಿನಲ್ಲಿ ಅವರಿಬ್ಬರೂ ನಿಜ ಮಾತಾಡಿದ್ದು ಅದೊಂದೇ ಸಲ.

"ಹಾಗಾದ್ರೆ ಎರಡೂ ಕಡೆ ಒಪ್ಪಿಗೆ ತಾನೇ?" ಎಂದ ಏಜೆಂಟು.

ಅಲ್ಲೊಂದು ಕೈ, ಇಲ್ಲೊಂದು ಕೈ ಕುರ್ಚಿಯಿಂದ ಇಳಿದು ಭುಜದ ಮೇಲೆ ಭಾರವಾಗಿ ಕೂತಿತು.

"ಒಪ್ಪಿಗೆ" ಎಂದರು ಇಬ್ಬರೂ, ಒಟ್ಟಿಗೇ.

ಸಮುದ್ರದ ಎರಡೂ ದಡದಲ್ಲಿ ಜೋರು ಚಪ್ಪಾಳೆ ಬಿತ್ತು.